ತೊರೆಕೊಪ್ಪಲಿಗೆ ಶಾಂತಿಯ ಮಾರ್ಕು

೫ ಜನವರಿ ೧೯೭೬, ಸೋಮವಾರ
ಮಂಡ್ಯ

ಮಾತ್ರೆ ನುಂಗಿದ್ದಾಯಿತು. ಸಪ್ಪೆ ಕಾಫಿಯೂ ಆಯಿತು. ಸಕ್ಕರೆ ಕಾಯಿಲೆ ಬಂದಮೇಲೆ ಗೋದಾ ಕಾಫಿ ಕೊಡುತ್ತಾಳೋ ಶಿಕ್ಷೆ ಕೊಡುತ್ತಾಳೋ ತಿಳಿಯುವುದಿಲ್ಲ. ಕಿಟಕಿ ತೆಗೆದರೆ ಸಕ್ಕರೆ ಫ್ಯಾಕ್ಟರಿಯ ವಾಸನೆ. ಈ ಊರಲ್ಲಿ ಈ ಕಾಯಿಲೆ… ನನ್ನ ಕರ್ಮ.

ಆಫೀಸಿನಲ್ಲಿ ಹೊಸ ಸರ್ವೆ. ಇಷ್ಟು ವರ್ಷ ದನ ಎಣಿಸಿದೆ, ಬಾವಿ ಎಣಿಸಿದೆ, ಪಂಪ್‌ಸೆಟ್ಟು ಎಣಿಸಿದೆ. ಒಂದು ಸಲ ಹುಣಸೆ ಮರ ಎಣಿಸಿದ್ದೂ ಉಂಟು. ಈಗ ಶಾಂತಿ ಎಣಿಸಬೇಕಂತೆ. ಬೆಂಗಳೂರಿನ ಯಾವುದೋ ಸಂಸ್ಥೆಯ ಯೋಚನೆ. ಯೋಚನೆ ಅವರದು, ಅಲೆದು ಸವೆಯುವ ಮಂಡಿ ನಮ್ಮ ಸ್ಟ್ಯಾಟಿಸ್ಟಿಕ್ಸ್ ಆಫೀಸಿನದು.

ಸಂಸ್ಥೆಯಿಂದ ಬಂದಿರುವವನು ಕಸ್ತೂರಿರಂಗ. ಹುಡುಗ. ನಮ್ಮವರೇ, ಮೇಲುಕೋಟೆ ಕಡೆ. "ಶಾಂತಿ ಇದ್ದ ಕಡೆ ವ್ಯಾಪಾರ ಬೆಳೆಯುತ್ತೆ ಸಾರ್. ಅದನ್ನ ನಂಬರಿನಲ್ಲಿ ತೋರಿಸಬೇಕು" ಎಂದ. ಒಂದು ಕಡೆ ಹಳ್ಳಿಯ ಜಗಳ, ಪೊಲೀಸ್ ಕೇಸು, ಕೋರ್ಟು. ಇನ್ನೊಂದು ಕಡೆ ಅಂಗಡಿ, ಆಲೆಮನೆ, ಗಾಡಿ, ಎಂಜಿನ್ನು. ಎರಡಕ್ಕೂ ಮಾರ್ಕು ಹಾಕಿ ನಡುವೆ ಗೆರೆ ಎಳೆಯುತ್ತಾನಂತೆ. ಶಾಂತಿಯ ಮಾರ್ಕಿನಲ್ಲಿ ಅರ್ಧಕ್ಕರ್ಧ ಪೊಲೀಸ್ ಕೇಸಿಗೇ. ಕೇಸಿಲ್ಲದಿದ್ದರೆ ಐವತ್ತು ಮಾರ್ಕು ಕೈಗೆ ಬಂದ ಹಾಗೆ. ಎಲ್ಲಕ್ಕಿಂತ ಹೆಚ್ಚು ಮಾರ್ಕು ಬಂದ ಊರಿಗೆ ಒಂದು ಬ್ಯಾಂಕ್ ಬ್ರಾಂಚು.

ಗೆರೆ ನೀನು ಅಂದುಕೊಂಡ ಹಾಗೆ ಬರದಿದ್ದರೆ? ಕೇಳಿದೆ. ಬರುತ್ತೆ ಸಾರ್ ಎಂದ. ಜೂನ್‌ನಲ್ಲಿ ರಿಟೈರ್ ಆಗುವವನಿಗೆ ಯಾಕೆ ಬೇಕು. ಸರಿಯಪ್ಪ ಎಂದು ಫಾರಂ ಕಟ್ಟು ಎತ್ತಿಕೊಂಡೆ.

೮ ಜನವರಿ, ಗುರುವಾರ

ಪ್ಯಾಸೆಂಜರ್ ರೈಲು ಹನಕೆರೆಯಲ್ಲಿ ನಿಂತದ್ದು ನಿಂತೇ ಇತ್ತು. ಮದ್ದೂರಿನಿಂದ ವೈದ್ಯನಾಥಪುರದವರೆಗೆ ಬಸ್ಸು. ಅಲ್ಲಿಂದ ಹೊಳೆ ಪಕ್ಕ ನಡಿಗೆ. ಬಸ್ಸಿನ ಹಿಂದೆ, ಮಾತು ಕಡಿಮೆ ಮಾಡಿ ಎಂದು ಹೊಸದಾಗಿ ಪೇಂಟ್ ಹೊಡೆದಿದ್ದಾರೆ. ಎಮರ್ಜೆನ್ಸಿ ಬಂದಮೇಲೆ ಬಸ್ಸುಗಳೂ ಬುದ್ಧಿ ಹೇಳುತ್ತವೆ. ಹೊತ್ತಿಗೆ ಮಾತ್ರ ಬರುವುದಿಲ್ಲ.

ತೊರೆಕೊಪ್ಪಲು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬಿತ್ತು. ಊರ ಬಾಯಲ್ಲೇ ಇಂದ್ರಮ್ಮನ ಆಲೆಮನೆ. ಗಂಡ ಮಾದಯ್ಯ ತೀರಿಕೊಂಡು ಎರಡು ವರ್ಷ. ಅವನು ತಂದ ಡೀಸೆಲ್ ಎಂಜಿನ್ನಿನಲ್ಲಿ ಗಾಣ ಓಡಿಸಿಕೊಂಡು ಬೆಲ್ಲ ಕಾಯಿಸುತ್ತಾಳೆ. ಅವಳಿಗೂ ಗಂಡನ ಅಣ್ಣ ಕರಿಯಪ್ಪನಿಗೂ ಕೊಪ್ಪರಿಗೆಯ ಆಚೆ ಈಚೆ ನಿಂತು ಜಗಳ.

"ಗಾಣ ನಿಂತಿರೋ ಜಾಗ ನಂದು ಕಣಮ್ಮಿ. ಇವತ್ತಲ್ಲ ನಾಳೆ ಎಂಜಿನ್ನು ಕಿತ್ಕಂಡು ಓಯ್ತೀನಿ."

"ಕಿತ್ಕಂಡು ಓಗು ಭಾವ. ಪೋಲೀಸ್ ಟೇಸನ್ನು ಎಲ್ಲದೆ ಅಂತ ನಂಗೂ ಗೊತ್ತು. ಮೊದ್ಲು ಆಲು ಕುಡ್ದು ಓಗು."

ಕರಿಯಪ್ಪ ಬೈಯುತ್ತಲೇ ಲೋಟ ಇಸಿದುಕೊಂಡ. ಕಬ್ಬಿನ ಹಾಲು ಕುಡಿದು, ಮೀಸೆ ಒರೆಸಿಕೊಂಡು, ಬಿಟ್ಟ ಕಡೆಯಿಂದ ಮತ್ತೆ ಬೈದು ಹೋದ. ನಗು ಬಂತು.

ನನಗೂ ಲೋಟ ನೀಡಿದಳು. ಬೇಡಮ್ಮ, ಸಕ್ಕರೆ ಕಾಯಿಲೆ ಎಂದೆ.

"ಆಲೆಮನೆಗೆ ಬಂದು ಆಲು ಬ್ಯಾಡ ಅಂದ್ರೆ ಜಗಳಕ್ಕೆ ಬಂದವ್ರೆ ಅಂತೀವಿ ನಾವು. ಸರ್ಕಾರದೋರು ಜಗಳಕ್ಕೆ ಬಂದಿದ್ದೀರಾ?"

ಕುಡಿದೆ. ನಿಂಬೆಹಣ್ಣು, ಶುಂಠಿ. ಎಷ್ಟು ವರ್ಷವಾಗಿತ್ತು ಆ ರುಚಿ ಕಂಡು. ಇನ್ನೊಂದು ಲೋಟ ಕೇಳಿದೆ. ಗೋದಾಗೆ ಹೇಳುವುದಿಲ್ಲ.

ಅಲ್ಲಿಂದ ಪಂಚಾಯ್ತಿ ಛೇರ್ಮನ್ ಚಿಕ್ಕಣ್ಣನ ಜಗಲಿ. ಬ್ಯಾಂಕ್ ಬ್ರಾಂಚು ಅಂದದ್ದೇ ಮನುಷ್ಯ ನೆಟ್ಟಗೆ ಕೂತ. "ಯಾವ ಪ್ರಶ್ನೆಗೆ ಜಾಸ್ತಿ ಮಾರ್ಕು ಸ್ವಾಮಿ?" ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಕೇಳಿದ. ಪೊಲೀಸ್ ಕೇಸಿಗೆ ಎಂದೆ. ಈ ವರ್ಷ ಒಂದೂ ಇಲ್ಲ ಎಂದ. ಹಾಗಾದರೆ ಮಾರ್ಚ್ ತನಕ ಹಾಗೇ ಕಾಪಾಡಿಕೊಳ್ಳಿ ಎಂದೂ ಹೇಳಿದೆ. ಖುಷಿಪಟ್ಟ. ಒಳ್ಳೆ ಕಾಫಿ ಕೊಡಿಸಿದ, ಸಕ್ಕರೆ ಹಾಕಿಯೇ.

೧೬ ಜನವರಿ, ಶುಕ್ರವಾರ

ಹಬ್ಬ ಕಳೆಯಿತು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಟ್ಯೂಬಿನಲ್ಲಿ ನೀಲಿ ಇರಬೇಕಾದ್ದು ಇಟ್ಟಿಗೆ ಬಣ್ಣ. ಗೋದಾ ಬೆಳಕಿಗೆ ಹಿಡಿದು ನೋಡಿದಳು, ನನ್ನನ್ನೂ ನೋಡಿದಳು. ಕಬ್ಬಿನ ಹಾಲಿನ ವಿಷಯ ಬಾಯಿಬಿಟ್ಟೆ. ಹಸಿ ಹಾಲು, ಕಾಯಿಸಿದ್ದಲ್ಲ, ಮಡಿಗೇನೂ ಭಂಗ ಬರುವುದಿಲ್ಲ ಎಂದು ಸಮಾಧಾನ ಹೇಳಲು ಹೋದೆ.

"ಮಡಿ ಕೆಡದಿದ್ದರೆ ಸಾಕೇ? ಮೈ ಕೆಡಬಹುದೇ?"

ಆಮೇಲೆ ತಾನೇ ತಣ್ಣಗಾಗಿ, "ನಿಮ್ಮ ಸರ್ವೆಯಲ್ಲಿ ನಮ್ಮ ಮನೆಗೆ ಎಷ್ಟು ಮಾರ್ಕು?" ಎಂದಳು. ಕೇಸಿಲ್ಲ, ಐವತ್ತು ಗ್ಯಾರಂಟಿ ಎಂದೆ. ಪಕ್ಕದ ಮನೆ ಶ್ರೀಮತಿಗೂ ಇವಳಿಗೂ ನಲ್ಲಿ ನೀರಿನ ವಿಷಯದಲ್ಲಿ ದೀಪಾವಳಿಯಿಂದ ಮಾತು ಸರಿಯಿಲ್ಲ. ಆದರೂ ನೆನ್ನೆ ಎಳ್ಳಿನ ತಟ್ಟೆ ಕಾಂಪೌಂಡಿನ ಮೇಲಿಂದ ಆ ಕಡೆಗೆ ಹೋಯಿತು, ಆ ಕಡೆಯದು ಈ ಕಡೆಗೆ ಬಂತು. ಇದಕ್ಕೆ ಫಾರಂನಲ್ಲಿ ಕಾಲಮ್ಮಿಲ್ಲ.

೨೨ ಜನವರಿ, ಗುರುವಾರ
ಮಳವಳ್ಳಿ, ಟ್ರಾವೆಲರ್ಸ್ ಬಂಗ್ಲೆ

ಸರ್ವೆಗೆ ಈ ತಾಲ್ಲೂಕಿನಿಂದ ಆರಿಸಿದ ಹಳ್ಳಿ ನೋಡಿ ಬಂದೆ. ಅಬ್ಬಬ್ಬ. ಬಸ್ಸಿಳಿದ ಕೂಡಲೇ ಇಬ್ಬರು ಕೈ ಹಿಡಿದು ಎಳೆದರು, ಸಾಕ್ಷಿ ಹೇಳಲು. ಏನೆಂದು ನಾನು ನೋಡಿಯೇ ಇಲ್ಲ. ಕಾಲುವೆ ನೀರಿನ ಕೇಸು, ಬದುವಿನ ಕೇಸು, ಹುಂಜದ ಕೇಸು ಕೂಡ. ಒಬ್ಬರನ್ನೊಬ್ಬರು ಕೋರ್ಟಿಗೆ ಹತ್ತಿಸಿದವರೇ ಒಂದೇ ಗಾಡಿಯಲ್ಲಿ ಕೋರ್ಟಿಗೆ ಬರುತ್ತಾರಂತೆ.

ಸಂತೆಯೋ, ಕಾಲಿಡಲು ಜಾಗವಿಲ್ಲ. ಸಾಲು ಅಂಗಡಿ. ಹೊಸ ರೈಸ್ ಮಿಲ್ಲು. ಹೊಲಿಗೆ ಮಿಷಿನ್ನಿನವನು ತಲೆ ಎತ್ತುವುದಿಲ್ಲ, ಅಷ್ಟು ಕೆಲಸ. ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು, ಎಲ್ಲರಿಗೂ ವ್ಯಾಪಾರ.

ಟ್ರಂಕ್ ಕಾಲ್ ಮಾಡಿ ಕಸ್ತೂರಿರಂಗನಿಗೆ ಹೇಳಿದೆ. ಗೆರೆ ಹಾಳಾಗುತ್ತೆ ಎಂದ. "ಇಂಥದ್ದು ಒಂದೊಂದು ಇರುತ್ತೆ ಸಾರ್. ಬಿಟ್ಟುಬಿಡಿ, ಬೇರೆ ಊರು ತಗೊಳ್ಳೋಣ." ಬಿಟ್ಟೆ. ಕಾಲು ಊದಿದೆ.

೬ ಫೆಬ್ರವರಿ, ಶುಕ್ರವಾರ

ತೊರೆಕೊಪ್ಪಲಿಗೆ ಎರಡನೇ ಸುತ್ತು. ಊರು ಹತ್ತಿರ ಬಂದರೂ ಸದ್ದಿಲ್ಲ. ದಾರಿ ತಪ್ಪಿದೆನೇನೋ ಎಂದುಕೊಂಡೆ. ಇಂದ್ರಮ್ಮನ ಆಲೆಮನೆಯಲ್ಲಿ ಹೊಗೆಯಿಲ್ಲ. ಒಲೆ ತಣ್ಣಗೆ. ಎಂಜಿನ್ನಿದ್ದ ಕಡೆ ನೆಲದಲ್ಲಿ ಎಣ್ಣೆ ಕಲೆ. ಕಡಿದು ಹಾಕಿದ ಕಬ್ಬು ಬಿಸಿಲಿಗೆ ಒಣಗುತ್ತಾ ಬಿದ್ದಿದೆ. ಅದರ ಮೇಲೆ ಕೂತಿದ್ದಳು.

ಎಂಜಿನ್ನೆಲ್ಲಮ್ಮ? ಕೇಳಿದೆ.

"ಭಾವ ತಕ್ಕಂಡೋದ. ಅಗಲೊತ್ತಲ್ಲೇ, ಗಾಡಿ ಕಟ್ಕಂಡು ಬಂದು. ಎಲ್ರೂ ನೋಡುದ್ರು."

ಸ್ಟೇಷನ್ನಿಗೆ ಹೋಗಲಿಲ್ಲವೇ?

ನಗಲಿಲ್ಲ, ಬೈಯಲೂ ಇಲ್ಲ. "ಕಟ್ಟೇಲಿ ಕೂತು ತೀರ್ಮಾನ ಮಾಡವ್ರೆ ಸ್ವಾಮಿ. ಮಾರ್ಚಿ ಮುಗಿಯಗಂಟ ಯಾರೂ ಟೇಸನ್ ಮೆಟ್ಲು ಅತ್ತಂಗಿಲ್ಲ. ಅತ್ತಿದೋರ ಆಲೆಮನೆಗೆ ಒಂದಾಳೂ ಬರಲ್ಲ. ಅವ್ರಿಗೆ ಯಾರ ಆಲೆಮನೇಲೂ ಆಲು ಕೊಡಲ್ಲ. ಅದು ಗೊತ್ತಾಗಿ ತಾನೆ ಭಾವ ಮಾರ್ನೇ ದಿನವೇ ಬಂದಿದ್ದು. ನಾನು ಓಯ್ತೀನಿ ಅಂದೆ, ಅಷ್ಟೇ. ಅಂದಿದ್ಕೇ ಎಲ್ರೂ ಮಾತು ಬುಟ್ರು. ಭಾವನೂ ಬೈಯಲ್ಲ ಈಗ. ಎದ್ರು ಸಿಕ್ರೆ ನಗ್ತಾನೆ."

ಆಮೇಲೆ ಕೇಳಿದಳು. "ಟೇಸನ್‌ಗೆ ಓಗದಿದ್ರೆ ಮಾರ್ಕು ಅಂತ ನೀವೇ ಏಳ್ಕೊಟ್ರಂತೆ. ದಿಟವಾ?"

ಹೌದು ಎಂದೆ. ಇನ್ನೇನು ಹೇಳಲಿ. ಫಾರಂ ಬಿಚ್ಚದೆ ವಾಪಸು ಬಂದೆ.

೭ ಫೆಬ್ರವರಿ, ಶನಿವಾರ

ಕಸ್ತೂರಿರಂಗನಿಗೆ ಎಲ್ಲ ಹೇಳಿದೆ. ಪೆನ್ಸಿಲ್ ಕೆಳಗಿಡದೆ ಕೇಳಿದ.

"ಕಂಪ್ಲೇಂಟ್ ಇದೆಯಾ ಸಾರ್?"

"ಇಲ್ಲ."

"ಹಾಗಾದ್ರೆ ಡಿಸ್ಪ್ಯೂಟ್ ಇಲ್ಲ. ಎಂಜಿನ್ನೂ ಊರಲ್ಲೇ ಇದೆಯಲ್ಲ, ಆ ಕಡೆ ನಂಬರೂ ಬದಲಾಗಲ್ಲ."

ಬೈಯೋಣವೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ, "ನಾನು ಟೆಂಪರರಿ ಸಾರ್. ಈ ಟೇಬಲ್ಲು ಸರಿಯಾಗಿ ಬಂದ್ರೆ ಪರ್ಮನೆಂಟ್ ಮಾಡ್ತೀವಿ ಅಂದಿದ್ದಾರೆ" ಎಂದ. ಕಣ್ಣ ಕೆಳಗೆ ಕಪ್ಪು. ನಿದ್ದೆ ಮಾಡಿದ ಹಾಗಿಲ್ಲ. ಬಾಯಿ ಮುಚ್ಚಿಕೊಂಡೆ.

೧೯ ಫೆಬ್ರವರಿ, ಗುರುವಾರ

ಯಾರೂ ಕಳಿಸದಿದ್ದರೂ ತೊರೆಕೊಪ್ಪಲಿಗೆ ಹೋದೆ. ರಜ ಹಾಕಿ. ಮಂಡಿಗೆ ಬಟ್ಟೆ ಸುತ್ತಿಕೊಂಡು.

ಚಿಕ್ಕಣ್ಣ ಕೆಟ್ಟವನಲ್ಲ. ಅದೇ ಕಷ್ಟ. ಸಮಾಧಾನವಾಗಿ ಮಾತಾಡಿದ. "ನಮ್ಮೋರು ಏನು ಬೇಕಂದ್ರೂ ಮದ್ದೂರಿಗೆ ಓಗ್ಬೇಕು ಸ್ವಾಮಿ. ಬ್ಯಾಂಕು ಬಂದ್ರೆ ಮನೆಮನೆಗೂ ಎಂಜಿನ್ನು ಬತ್ತದೆ. ಆಯಮ್ಮನ್ದು ಎರಡು ತಿಂಗ್ಳು ತಡೀಲಿ. ಬ್ಯಾಂಕು ಬಂದ್ಮೇಲೆ ನಾನೇ ಕೂರ್ಸಿ ನ್ಯಾಯ ಮಾಡ್ತೀನಿ."

ಕಬ್ಬು ತಡೆಯುತ್ತದೆಯೇ ಚಿಕ್ಕಣ್ಣ, ಎಂದೆ.

ಎಲೆ ಅಡಿಕೆ ತಟ್ಟೆ ನನ್ನ ಕಡೆ ತಳ್ಳಿದ. ಆಮೇಲೆ, "ಮಾರ್ಕು ತೋರ್ಸಿದೋರು ನೀವು. ಈಗ ನೀವೇ ಕಿತ್ಕತೀರಾ?" ಎಂದ. ಸಿಟ್ಟಿನಿಂದಲ್ಲ. ಬೇಡಿಕೊಳ್ಳುವ ದನಿಯಲ್ಲಿ.

ಬರುವಾಗ ಇನ್ನೊಬ್ಬರ ಆಲೆಮನೆ ಮುಂದೆ ನಿಂತಿದ್ದೆ. ದಾರಿಹೋಕರನ್ನೆಲ್ಲ ಕೂಗಿ ಕೂಗಿ ಹಾಲು ಕೊಡುತ್ತಿದ್ದರು. ಗೆಜ್ಜಲಗೆರೆಯಲ್ಲಿ ಕೆಲಸ ಮಾಡುವ ಯಾರೋ ಸೈಕಲ್ಲಿಳಿದು ಕುಡಿದರು. ನನ್ನನ್ನೂ ಕರೆದರು. ಅಷ್ಟರಲ್ಲಿ ಇಂದ್ರಮ್ಮ ಸೊಪ್ಪಿನ ಹೊರೆ ಹೊತ್ತು ಆ ದಾರಿಯಲ್ಲೇ ಬಂದಳು. ಎಲ್ಲರೂ ಕೊಪ್ಪರಿಗೆ ಕಡೆ ತಿರುಗಿಕೊಂಡರು. ಅವಳು ನಿಧಾನವಾಗಿ ನಡೆದಳು, ಯಾರಾದರೂ ಕರೆದಾರೇನೋ ಎನ್ನುವ ಹಾಗೆ. ಯಾರೂ ಕರೆಯಲಿಲ್ಲ. ನಾನೂ ನಿಂತೇ ಇದ್ದೆ.

೧ ಮಾರ್ಚ್, ಸೋಮವಾರ

ತೊರೆಕೊಪ್ಪಲು ಮೊದಲನೇ ಸ್ಥಾನದಲ್ಲಿದೆ. ಕಸ್ತೂರಿರಂಗ ಗ್ರಾಫ್ ಶೀಟು ತೋರಿಸಿದ. ಗೆರೆ ನೆಟ್ಟಗೆ ಬಂದಿದೆ, ಮಳವಳ್ಳಿಯ ಆ ಊರು ಇಲ್ಲ. ಹದಿನೇಳಕ್ಕೆ ಕೊನೆಯ ವೆರಿಫಿಕೇಶನ್ನು.

ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಇಂದ್ರಮ್ಮ. ಮನೆ ಹುಡುಕಿಕೊಂಡು ಬಂದಿದ್ದಾಳೆ. ಗೋದಾ ಕಾಫಿ ಕೊಟ್ಟು ಕೂರಿಸಿದ್ದಾಳೆ.

"ಒಬ್ಬಂಟಿ ಎಂಗ್ಸು ಟೇಸನ್‌ಗೆ ಓದ್ರೆ ಈ ಕಾಲ್ದಲ್ಲಿ ಯಾರು ಕೇಳ್ತಾರೆ ಸ್ವಾಮಿ. ನೀವು ಜತೇಲಿ ಬನ್ನಿ. ಎಂಜಿನ್ನು ನನ್ನ ಆಲೆಮನೇಲಿ ಇದ್ದಿದ್ದು ನೀವು ಕಂಡಿದ್ದೀರಿ. ಅಷ್ಟು ಏಳಿ ಸಾಕು. ನಿಂತಿರೋ ಕಬ್ಬು ಇನ್ನೊಂದು ಕೊಪ್ಪರಿಗೆ ಆದ್ರೂ ಆಯ್ತದೆ. ಊರು ಬುಟ್ರೆ ಬುಡ್ಲಿ."

ಮುಂದಿನ ಸೋಮವಾರ ಬರುತ್ತೇನೆ, ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಕಾದಿರು ಎಂದೆ. ಯಾಕೆ ಮುಂದಿನ ಸೋಮವಾರ, ಯಾಕೆ ನಾಳೆ ಅಲ್ಲ, ಅವಳು ಕೇಳಲಿಲ್ಲ. ಅವಳು ಹೋದಮೇಲೆ ಗೋದಾ ಕೇಳಿದಳು.

೮ ಮಾರ್ಚ್, ಸೋಮವಾರ

ಹೋಗಲಿಲ್ಲ. ಮಂಡಿ ನೋವು ಎಂದು ಗೋದಾಗೆ ಹೇಳಿದೆ. ಮಂಡಿ ಚೆನ್ನಾಗಿದೆ. ಪೆನ್ಷನ್ ಪೇಪರು ಇನ್ನೂ ಮೇಲಿನವರ ಟೇಬಲ್ಲಿನಲ್ಲಿದೆ. ಸರ್ಕಾರದ ಸರ್ವೆಗೆ ವಿರುದ್ಧ ಸರ್ಕಾರಿ ನೌಕರ ಸ್ಟೇಷನ್ನಿಗೆ ಹೋದರೆ… ಕಾಲ ಸರಿಯಿಲ್ಲ. ಹೆದರಿಕೆ. ಬೇರೇನಿಲ್ಲ.

ಮದ್ದೂರಿನಲ್ಲಿ ಎಷ್ಟು ಹೊತ್ತು ಕಾದಳೋ.

೯ ಮಾರ್ಚ್

ಗೋದಾ ಮಾತಾಡುತ್ತಿಲ್ಲ. ಕಾಫಿಯಲ್ಲಿ ಸಕ್ಕರೆ ಇತ್ತು. ಏನಾದರೂ ಮಾಡಿಕೊಳ್ಳಿ ಎಂದು ಅರ್ಥ.

೧೭ ಮಾರ್ಚ್, ಬುಧವಾರ
ಮದ್ದೂರು, ಮಧ್ಯಾಹ್ನ

ತೊಡೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಬರುತ್ತಿದೆ. ಬರೆದುಬಿಡಬೇಕು.

ಬೆಳಿಗ್ಗೆ ಜೀಪಿನಲ್ಲಿ ಕಸ್ತೂರಿರಂಗನ ಜೊತೆ ಹೋದೆ. ಕರಿಯಪ್ಪ ಹೊಸ ಆಲೆಮನೆ ಹಾಕಿದ್ದಾನೆ. ಅಲ್ಲೇ ಚಪ್ಪರ, ಮಾವಿನ ಸೊಪ್ಪು, ಊರೆಲ್ಲ ಕೂತಿದೆ. ಎಂಜಿನ್ನು ಓಡುತ್ತಿತ್ತು. ಮಾದಯ್ಯ ಹೊಡೆಸಿದ್ದ ಹಸಿರು ಬಣ್ಣ ಹಾಗೇ ಇದೆ. ಗಾಣದ ಪಕ್ಕ ಲೋಟ ತೊಳೆದು ಎಲ್ಲರಿಗೂ ಹಾಲು ಹಂಚುತ್ತಿದ್ದವಳು ಇಂದ್ರಮ್ಮ. ಕರಿಯಪ್ಪನ ಹತ್ತಿರ ಕೂಲಿ.

"ಎಲ್ಲ ರಾಜಿ ಆಯ್ತು ಸ್ವಾಮಿ" ಎಂದ ಚಿಕ್ಕಣ್ಣ. ನನ್ನ ಮುಖ ನೋಡದೆ.

ಕಸ್ತೂರಿರಂಗ ಫಾರಂ ಹಿಡಿದು ಒಬ್ಬೊಬ್ಬರನ್ನೂ ಕೇಳಿದ. ಊರಲ್ಲಿ ತಕರಾರು ಏನಾದರೂ ಇದೆಯೇ? ಇಲ್ಲ. ಇಲ್ಲ. ದೇವಿರಮ್ಮ ಎಂಬ ಮುದುಕಿ ಬಾಯಿ ತೆಗೆದು ಮತ್ತೆ ಮುಚ್ಚಿ, ಇಲ್ಲ ಎಂದಳು. ಇಂದ್ರಮ್ಮನ ಸರದಿ ಬಂತು. "ಇಲ್ಲ" ಎಂದಳು. ನೆಲ ನೋಡಿಕೊಂಡು.

ಆಮೇಲೆ ನನಗೆ ಲೋಟ ನೀಡಿದಳು. ನಿಂಬೆಹಣ್ಣು, ಶುಂಠಿ, ಎಲ್ಲ ಹಾಕಿದ್ದಳು. ಕೈಗೆ ತೆಗೆದುಕೊಂಡೆ. ಊರೆಲ್ಲ ನೋಡುತ್ತಿತ್ತು.

ಬೇಡ ಎಂದೆ.

ಚಿಕ್ಕಣ್ಣ ತಕ್ಷಣ ನಕ್ಕ. "ಅಯ್ನೋರ್ಗೆ ಸಕ್ರೆ ಕಾಯ್ಲೆ ಕಣ್ರಲಾ. ಬಲವಂತ ಮಾಡ್ಬ್ಯಾಡಿ."

ಒಳ್ಳೆ ದಾರಿ ತೋರಿಸಿದ, ಪುಣ್ಯಾತ್ಮ. ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಜೂನ್, ಪೆನ್ಷನ್, ಸಪ್ಪೆ ಕಾಫಿ.

"ಕಾಯಿಲೆಗಲ್ಲ ಚಿಕ್ಕಣ್ಣ. ಈ ಆಲೆಮನೆಯಲ್ಲಿ ನಾನು ಕುಡಿಯುವುದಿಲ್ಲ. ಎಂಜಿನ್ನು ಇಂದ್ರಮ್ಮನದು." ಲೋಟ ಕಲ್ಲಿನ ಮೇಲಿಟ್ಟೆ.

ಕರಿಯಪ್ಪ ಎದ್ದ. "ನನ್ನ ಆಲೆಮನೆಗೆ ಬಂದು ಜಗಳ ತೆಗೀತೀರಾ?" ಹೌದು, ತೆಗೆಯುತ್ತಿದ್ದೇನೆ ಎಂದೆ. ಜನ್ಮದಲ್ಲಿ ಅಂಥ ಮಾತು ಆಡಿದವನಲ್ಲ.

ಆಗ ಇಂದ್ರಮ್ಮನ ಬಾಯಿ ಬಿಚ್ಚಿತು. ಮೊದಲು ನನ್ನ ಮೇಲೆಯೇ. "ಈಗ ಬಂತಾ ಸ್ವಾಮಿ ಮಾತು? ಕಬ್ಬೆಲ್ಲ ಸೌದೆ ಆದ್ಮೇಲೆ ಬಂತಾ? ರೈಲು ಟೇಸನ್ನಲ್ಲಿ ಒತ್ತು ಮುಳುಗಗಂಟ ಕಾದೆನಲ್ಲ ಆಗೆಲ್ಲೋಗಿತ್ತು?" ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ಭಾವನ ಮೇಲೆ. ಆಮೇಲೆ ಚಿಕ್ಕಣ್ಣನ ಮೇಲೆ, ಕಟ್ಟೆಯವರೆಲ್ಲರ ಮೇಲೆ. ದೇವಿರಮ್ಮನಿಗೂ ತಡೆಯಲಾಗಲಿಲ್ಲ. ತನ್ನ ಕರು ಯಾರದೋ ಕೊಟ್ಟಿಗೆಯಲ್ಲಿದೆಯಂತೆ, ಅವಳೂ ಶುರು ಮಾಡಿದಳು. ಎಂಜಿನ್ನು ವಾಪಸು ಕೊಟ್ಬುಡು ಕಣ್ಲಾ ಎಂದು ಒಬ್ಬ, ನೀನ್ಯಾವನಲಾ ಕೇಳಕ್ಕೆ ಎಂದು ಇನ್ನೊಬ್ಬ. ಎರಡು ತಿಂಗಳು ಕಟ್ಟಿಟ್ಟ ಮಾತೆಲ್ಲ ಒಂದೇ ಸಲ ಹೊರಗೆ ಬಂತು.

ಕಸ್ತೂರಿರಂಗ ಪೆನ್ಸಿಲ್ ಹಿಡಿದು ನಿಂತೇ ಇದ್ದ. "ಸಾರ್, ಇದನ್ನ ಯಾವ ಕಾಲಮ್ಮಿಗೆ ಹಾಕೋದು?" ಪಾಪ, ನಿಜವಾಗಿ ಕೇಳುತ್ತಿದ್ದ. ನನಗೂ ಗೊತ್ತಿರಲಿಲ್ಲ.

ಚಿಕ್ಕಣ್ಣ ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟ. "ಐವತ್ತು ಮಾರ್ಕು ಓಯ್ತಲ್ಲ ಸ್ವಾಮಿ." ಕಣ್ಣು ಒದ್ದೆಯಾಗಿತ್ತು. ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಬ್ಯಾಂಕು ಬೇಕೆಂದದ್ದು ತಪ್ಪಲ್ಲವಲ್ಲ.

ಇಂದ್ರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು, ವೈದ್ಯನಾಥಪುರದ ಕಡೆ. ಹಿಂದೆ ನಾನು. ಜೀಪು ಹತ್ತಲು ಮುಖವಿರಲಿಲ್ಲ. ಬಸ್ಸಿನಲ್ಲಿ ನನಗೊಂದು ಸೀಟು ಸಿಕ್ಕಿತು. ಕೂರು ಎಂದು ಬಿಟ್ಟುಕೊಟ್ಟರೂ ಅವಳು ಕೂರಲಿಲ್ಲ.

ಈಗ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೇವೆ. ಕಂಪ್ಲೇಂಟ್ ಬರೆದುಕೊಳ್ಳುವ ರೈಟರ್ ಊಟಕ್ಕೆ ಹೋಗಿದ್ದಾನೆ. ಬ್ಯಾಂಕು ಬೇರೆ ಊರಿಗೆ ಹೋಗುತ್ತದೆ. ನನಗೆ ಮೆಮೋ ಬರುತ್ತದೆ. ಎಂಜಿನ್ನು ಸಿಗುತ್ತದೋ ಇಲ್ಲವೋ. ಸಿಕ್ಕಿದರೂ ಇವಳ ಆಲೆಮನೆಗೆ ಆಳು ಬರುತ್ತಾರೋ ಇಲ್ಲವೋ. ಹೇಳಿದೆ, ಇದೆಲ್ಲ ಆಗಬಹುದು ಕಣಮ್ಮ ಎಂದು.

"ಆಗ್ಲಿ ಬುಡಿ. ಸುಮ್ಕಿದ್ದು ಸುಮ್ಕಿದ್ದು ಸುಸ್ತಾಗೋಗದೆ" ಎಂದಳು. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾಳೆ. ನನಗೂ ಸುಸ್ತು. ಮಾತ್ರೆ ಮನೆಯಲ್ಲೇ ಉಳಿಯಿತು.

ರೈಟರ್ ಬಂದ. ಸಾಕ್ಷಿ ಯಾರು ಎಂದು ಕೇಳುತ್ತಿದ್ದಾನೆ. ಇಂದ್ರಮ್ಮ ಕಣ್ಣು ಬಿಟ್ಟು ನನ್ನ ಕಡೆ ಕೈ ತೋರಿಸಿದಳು. ಹೆಸರು ಹೇಳಿದೆ, ತಿರುನಾರಾಯಣ. ಕೆಲಸ ಹೇಳಿದೆ. ಅವನ ಪೆನ್ನಿನಲ್ಲಿ ಇಂಕಿಲ್ಲವಂತೆ, ನಿಮ್ಮದು ಕೊಡಿ ಸ್ವಾಮಿ ಎಂದು ಕೈ ಚಾಚಿದ್ದಾನೆ. ಇರುವುದು ಈ ಬರೆಯುತ್ತಿರುವ ಪೆನ್ನೊಂದೇ, ಕೊಟ್ಟು…